ಒಂದು ಊರು, ಒಂದು ಬಟ್ಟೆ, ವರ್ಷಪೂರ್ತಿ ಕೆಲಸ

“ಅತ್ತೆ, ಹನ್ನೆರಡು ಬಗೆಯ ಬಟ್ಟೆ ಆರಿಸಿ ಇಟ್ಟಿದ್ದೀನಿ. ಕಛ್‌ನ ಅಜರಖ್, ಮಹೇಶ್ವರದ ಸೀರೆ, ಪೋಚಂಪಲ್ಲಿ ಇಕ್ಕತ್, ಬಗರೂ ಅಚ್ಚು, ನಮ್ಮ ಇಳಕಲ್ಲು, ಗುಳೇದಗುಡ್ಡದ ಖಣ, ಇನ್ನೂ ಇವೆ. ಒಂದೊಂದು ಊರಿಂದ ಸ್ವಲ್ಪ ಸ್ವಲ್ಪ ತರಿಸಿ ಆನ್‌ಲೈನ್‌ನಲ್ಲಿ ಮಾರೋದು.”

“ಹನ್ನೊಂದು ಅಳಿಸಿಬಿಡು. ಒಂದ ಉಳಿಸ್ಕೋ.”

ಮಾತು ಶುರುವಾದದ್ದು ಹೀಗೆ. ಪಟ್ಟಿ ಓದಿದವಳು ಬೆಂಗಳೂರಿನಲ್ಲಿ ಬೆಳೆದ ತರುಣಿ. ಸಾಫ್ಟ್‌ವೇರ್ ಕೆಲಸ ಬಿಟ್ಟು, ಕೈಯಿಂದ ನೇಯ್ದ ನೈಸರ್ಗಿಕ ಬಟ್ಟೆಗಳ ಸಣ್ಣ ಉದ್ಯಮ ಕಟ್ಟಬೇಕೆಂದು ಹೊರಟವಳು. ಅಳಿಸು ಎಂದವರು ಅವಳ ಸೋದರತ್ತೆ. ಧಾರವಾಡದಲ್ಲಿ ಇಳಕಲ್ಲ ಸೀರೆ, ಖಣ, ಕಸೂತಿಯ ಅಂಗಡಿ ನಡೆಸಿಕೊಂಡು ಬಂದವರು.

“ಒಂದೇ ಯಾಕೆ? ಗಿರಾಕಿಗೆ ಆಯ್ಕೆ ಬೇಡವೇ?”

“ಗಿರಾಕಿ ಕಡಿಂದ ಆಮ್ಯಾಲ ನೋಡೂಣು. ಮೊದಲ ನೇಯೋರ ಕಡಿಂದ ನೋಡವಾ. ಹನ್ನೆರಡು ಊರಿಂದ ಎಂಟೆಂಟು ಸೀರಿ ತರಿಸಿದ್ರ ಯಾವ ಊರಿನ ನೇಕಾರಗೂ ನೀ ಖರೇ ಗಿರಾಕಿ ಅಲ್ಲ. ಎಂಟು ಸೀರಿ ಸಲುವಾಗಿ ಅಂವಾ ನೀ ಕೇಳಿದ ಬಣ್ಣ ಯಾಕ ಹಾಕ್ತಾನ? ಮಗ್ಗದ ಮ್ಯಾಲ ಇದ್ದದ್ದನ್ನ ಕೊಟ್ಟು ಕಳಸ್ತಾನ. ಅದನ್ನ ಪ್ಯಾಟ್ಯಾಗ ನೂರು ಮಂದಿ ಮಾರ್ತಿರ್ತಾರ. ನಿನ್ನ ಹತ್ರ ಬ್ಯಾರೆ ಏನು ಸಿಗ್ತದ?”

ಅತ್ತೆ ಸೀರೆಯೊಂದನ್ನು ಬಿಚ್ಚಿ, ಒಡಲೂ ಸೆರಗೂ ಕೂಡುವ ಜಾಗವನ್ನು ಬೆರಳಿನಿಂದ ಸವರಿ ತೋರಿಸಿದರು. ಇಳಕಲ್ಲ ಸೀರೆಯ ಹೆಚ್ಚುಗಾರಿಕೆ ಇರುವುದೇ ಅಲ್ಲಿ. ಒಡಲಿನ ಹಾಸು ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು. ಎರಡನ್ನೂ ಬೇರೆ ಬೇರೆ ಸಿದ್ಧಮಾಡಿ, ಒಂದರ ಎಳೆಗೆ ಇನ್ನೊಂದರ ಎಳೆಯನ್ನು ಕೊಂಡಿ ಹಾಕಿ ಸಿಕ್ಕಿಸುತ್ತಾರೆ. ಹೀಗೆ ಕೂಡಿಸಿ ನೇಯ್ದದ್ದೇ ಟೋಪ ತೆನಿ ಸೆರಗು. ಕೆಂಪು ನೆಲದ ಮೇಲೆ ಬಿಳಿಯ ತೆನೆಗಳು, ಹಣಿಗೆಯ ಹಲ್ಲುಗಳು, ಕೋಟೆಯ ತೆನೆಗೋಡೆಗಳು ಎದ್ದು ಕಾಣುತ್ತವೆ. ಈ ಕೊಂಡಿಯನ್ನು ಪ್ರತಿ ಸೀರೆಗೂ ಹೊಸದಾಗಿ ಹಾಕಬೇಕು. ಉದ್ದನೆಯ ಒಂದೇ ಹಾಸು ಹೂಡಿ, ಸೀರೆಯ ಮೇಲೆ ಸೀರೆ ನೇಯ್ದು ಕತ್ತರಿಸಿಕೊಳ್ಳುವುದು ಇಲ್ಲಿ ನಡೆಯುವುದಿಲ್ಲ. ಸೀರೆ ಸೀರೆಗೂ ಹಾಸು ಬೇರೆ. ಮಗ್ಗದಲ್ಲಿ ಕೂತವರು ಒಬ್ಬರೇ ಆದರೂ ನೂಲು ಬಿಡಿಸುವವರು, ಕಂಡಿಕೆ ಸುತ್ತುವವರು, ಹಾಸು ಹೂಡುವವರು, ಕೊಂಡಿ ಹಾಕುವವರು ಎಲ್ಲರೂ ಸೇರಿದರೆ ಒಂದು ಸೀರೆ.

ಆ ಕೈಗಳಲ್ಲಿ ಹೆಚ್ಚಿನವು ಹೆಣ್ಣುಮಕ್ಕಳವು. 2019-20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ನೇಯ್ಗೆ ಮತ್ತು ಅದರ ಪೂರಕ ಕೆಲಸಗಳಲ್ಲಿ ತೊಡಗಿದವರು 35.22 ಲಕ್ಷ ಮಂದಿ. ಅವರಲ್ಲಿ ಶೇ 72ರಷ್ಟು ಮಹಿಳೆಯರು.

“ಅಂದ್ರೆ ನಾನು ಕೊಡೋ ಆರ್ಡರು ಒಬ್ಬ ನೇಕಾರನಿಗಲ್ಲ, ಒಂದು ಮನೆಗೆ,” ಎಂದಳು ತರುಣಿ.

“ಒಂದು ಮನಿಗೆ, ಆಮ್ಯಾಲ ಒಂದು ಓಣಿಗೆ. ವರ್ಷಪೂರ್ತಿ ಕೆಲಸ ಕೊಡ್ತೀನಿ ಅಂದ್ರ ಆ ಮನಿಯವರು ನಿನ್ನ ಬಣ್ಣ ಹಾಕ್ತಾರ, ನಿನ್ನ ಅಳತಿ ಕೇಳ್ತಾರ. ಶ್ರಾವಣದಾಗ ಬಂದು ದೀಪಾವಳಿಗೆ ಮಾಯ ಆಗೋ ವ್ಯಾಪಾರಿ ಅವರಿಗೆ ಬ್ಯಾಡ. ಅಂಥವರನ್ನ ಅವರು ಭಾಳ ನೋಡ್ಯಾರ.”

ತರುಣಿ ಅಷ್ಟಕ್ಕೆ ಒಪ್ಪಲಿಲ್ಲ. ದೊಡ್ಡ ಮಳಿಗೆಗಳು ದೇಶದ ಮೂಲೆಮೂಲೆಯ ಬಟ್ಟೆಯನ್ನು ಒಂದೇ ಸೂರಿನಡಿ ಮಾರುತ್ತಿಲ್ಲವೇ ಎಂದು ಕೇಳಿದಳು. ಫ್ಯಾಬ್‌ಇಂಡಿಯಾ, ಅನೋಖಿ ಹೆಸರು ಹೇಳಿದಳು.

“ಅವರು ಶುರು ಮಾಡಿದ್ದು ಹೆಂಗ ಅಂತ ನೋಡು. ಜಾನ್ ಬಿಸೆಲ್ 1960ರಾಗ ಫ್ಯಾಬ್‌ಇಂಡಿಯಾ ಹುಟ್ಟಿಸಿದಾಗ ಅದು ಅಂಗಡಿನ ಅಲ್ಲ. ಮನಿಯೊಳಗ ಹಾಸೋ, ಹೊದಿಸೋ ಕೈಮಗ್ಗದ ಬಟ್ಟಿ ಹೊರದೇಶಕ್ಕ ಕಳಸೋ ಕೆಲಸ. ದಿಲ್ಲಿಯೊಳಗ ಮೊದಲನೇ ಅಂಗಡಿ ತಗದದ್ದು 1976ರಾಗ. ಅನೋಖಿ 1970ರಾಗ ಜೈಪುರದಾಗ ಶುರು ಆತು. ಅಲ್ಲೇ ಸುತ್ತಮುತ್ತಲಿನ ಅಚ್ಚಿನ ಬಟ್ಟಿ ಹಿಡಕೊಂಡು ನಿಂತಿತು. ಇವತ್ತಿನ ಅವರ ಅಂಗಡಿ ನೋಡಿ ನೀ ಪಟ್ಟಿ ಮಾಡೀದಿ. ಅವರ ಮೊದಲನೇ ಹತ್ತು ವರ್ಷ ನೋಡಿ ಮಾಡು.”

ಒಂದೇ ಬಟ್ಟೆಯನ್ನು ಹಿಡಿದು ನಿಲ್ಲುವುದಕ್ಕೆ ಕರಾವಳಿಯಲ್ಲೂ ಉದಾಹರಣೆ ಇದೆ. ಉಡುಪಿ ಸೀರೆಗೆ 2016ರಲ್ಲಿ ಭೌಗೋಳಿಕ ಸೂಚಿಕೆ (ಜಿಐ) ದೊರೆತರೂ ನೇಯುವವರು ಬೆರಳೆಣಿಕೆಗೆ ಇಳಿದಿದ್ದರು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದ ಜೊತೆ ಕದಿಕೆ ಟ್ರಸ್ಟ್ ಕೈಜೋಡಿಸಿ, ಆ ಒಂದು ಸೀರೆಯನ್ನೇ ಗುರಿಯಾಗಿಟ್ಟುಕೊಂಡು ಕೆಲಸ ಮಾಡಿತು. ಮಗ್ಗ ಬಿಟ್ಟವರು ಮತ್ತೆ ಮಗ್ಗಕ್ಕೆ ಬಂದರು, ಹೊಸಬರೂ ಕಲಿತರು.

ಗುಜರಾತಿನ ಕಛ್‌ನದು ಇನ್ನೂ ದೊಡ್ಡ ಕಥೆ. ಅಜರಖ್ ಅಚ್ಚಿನ ಖತ್ರಿ ಕುಟುಂಬಗಳು ತಲೆತಲಾಂತರದಿಂದ ಇದ್ದದ್ದು ಧಮಡ್ಕಾ ಎಂಬ ಊರಿನಲ್ಲಿ. 2001ರ ಜನವರಿ 26ರ ಭೂಕಂಪ ಮನೆಗಳನ್ನು ಕೆಡವಿತು; ಬಣ್ಣಕ್ಕೆ ಬೇಕಾದ ನೀರೂ ಕೆಟ್ಟಿತು. ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚಾದರೆ ಕೆಂಪು ಮಂಕಾಗುತ್ತದೆ. ಹಾಗಾಗಿ ಹಲವು ಕುಟುಂಬಗಳು ಭುಜ್ ಹತ್ತಿರ ಜಾಗ ಹುಡುಕಿ ಅಜರಖ್‌ಪುರ ಎಂಬ ಹೊಸ ಊರನ್ನೇ ಕಟ್ಟಿಕೊಂಡವು. ಅಲ್ಲಿ ಬಟ್ಟೆಯನ್ನು ಮೊದಲು ತೊಳೆದು ಗಂಜಿ ತೆಗೆದು ಅಳಲೆಕಾಯಿಯ ನೀರಿನಲ್ಲಿ ಅದ್ದುತ್ತಾರೆ. ಬಿಳಿ ಉಳಿಯಬೇಕಾದ ಕಡೆ ಸುಣ್ಣ ಮತ್ತು ಅಂಟಿನ ಅಚ್ಚು ಬೀಳುತ್ತದೆ. ಹಳೆಯ ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಕೊಳೆಹಾಕಿ, ಹುಣಸೆಬೀಜದ ಹಿಟ್ಟಿನಿಂದ ಗಟ್ಟಿಮಾಡಿ ಕಪ್ಪು ಮಾಡುತ್ತಾರೆ. ಪಟಿಕ ಹಚ್ಚಿದ ಜಾಗ ಬಣ್ಣದ ಹಂಡೆಯಲ್ಲಿ ಕೆಂಪಾಗುತ್ತದೆ. ನೀಲಿಗೆ ನೀಲಿಯ ತೊಟ್ಟಿ. ನಡುನಡುವೆ ಒಗೆದು ಬಿಸಿಲಿಗೆ ಹರಡುವುದು ಇದ್ದೇ ಇದೆ. 2024ರಲ್ಲಿ ಕಛ್ ಅಜರಖ್‌ಗೆ ಭೌಗೋಳಿಕ ಸೂಚಿಕೆ ಸಿಕ್ಕಿತು.

“ಇಷ್ಟು ಕೆಲಸ ಇರೋ ಬಟ್ಟೇನ ಮೂರು ವಾರದಲ್ಲಿ ಕಳಿಸಿ ಅಂತ ಮೇಲ್ ಹಾಕಿದ್ದೆ,” ಎಂದಳು ತರುಣಿ.

“ಮಳಿ ಹಿಡೀತಂದ್ರ ಬಟ್ಟಿ ಒಣಗಂಗಿಲ್ಲ. ಕುಣಿಮಗ್ಗದ ಕುಣಿಯೊಳಗ ನೀರು ನಿಲ್ತದ. 2019ರ ಆಗಸ್ಟ್ ಪ್ರವಾಹದಾಗ ನಮ್ಮ ಬಾಗಲಕೋಟಿ, ಬೆಳಗಾಂವಿ ಜಿಲ್ಲಾದ ನೇಕಾರರ ಮಗ್ಗ ನೀರಿನ ಪಾಲಾದವು. ನಿನ್ನ ಕ್ಯಾಲೆಂಡರ್ ಮಗ್ಗದ ಕ್ಯಾಲೆಂಡರಿಗೆ ಹೊಂದಬೇಕು. ಮಳಿಗಾಲಕ್ಕ ಬೇಕಾದ್ದು ಬ್ಯಾಸಗ್ಯಾಗ ಹೇಳಬೇಕು.”

ಮಾತು ನೂಲಿನ ಕಡೆ ತಿರುಗಿತು. ನೈಸರ್ಗಿಕ ಬಟ್ಟೆ ಎಂದು ಚೀಟಿ ಅಂಟಿಸುವ ಮೊದಲು ಕೈಯಲ್ಲಿರುವ ನೂಲು ಯಾವುದೆಂದು ಗೊತ್ತಿರಬೇಕು ಎನ್ನುವುದು ಅತ್ತೆಯ ಹಟ. ಗುಳೇದಗುಡ್ಡದ ಖಣ ಹತ್ತಿ ಮತ್ತು ರೇಷ್ಮೆಯಲ್ಲಿ ಹುಟ್ಟಿದ ಬಟ್ಟೆ. ಇಂದು ಪೇಟೆಯಲ್ಲಿ ಸಿಗುವ ಖಣದಲ್ಲಿ ಕೃತಕ ನೂಲು ಧಾರಾಳವಾಗಿದೆ. ಇಳಕಲ್ಲ ಸೀರೆಯಲ್ಲೂ ರೇಷ್ಮೆಯ ಜಾಗದಲ್ಲಿ ಚಮಕಾ, ಅಂದರೆ ರೇಯಾನ್ ನೂಲು ಬಂದು ಬಹಳ ಕಾಲವಾಯಿತು. ಅದರಿಂದ ಸೀರೆಯ ಬೆಲೆ ಇಳಿದು, ಬಡವರ ಮನೆಯ ಹೆಣ್ಣುಮಕ್ಕಳೂ ಉಡುವಂತಾಯಿತು ಎನ್ನುವುದು ನಿಜ. ಚಮಕಾ ಮಾರುವುದರಲ್ಲಿ ತಪ್ಪಿಲ್ಲ. ಅದನ್ನು ರೇಷ್ಮೆಯೆಂದು ಮಾರುವುದರಲ್ಲಿದೆ ಮೋಸ.

ಅತ್ತೆ ಮೂರು ತುಂಡುಗಳ ಅಂಚಿನಿಂದ ಎಳೆ ಕಿತ್ತು, ಒಂದೊಂದನ್ನೂ ಚಿಮಟದಲ್ಲಿ ಹಿಡಿದು ದೀಪಕ್ಕೆ ಒಡ್ಡಿದರು. ಮೊದಲನೆಯದು ಸರಸರ ಉರಿದು, ಕಾಗದ ಸುಟ್ಟ ವಾಸನೆ ಬಿಟ್ಟು, ಬೆರಳಿಗೆ ಅಂಟುವ ಮೆತ್ತನೆಯ ಬೂದಿಯಾಯಿತು: ಹತ್ತಿ. ಎರಡನೆಯದು ನಿಧಾನ ಉರಿದು ಕೂದಲು ಸುಟ್ಟ ನಾತ ಹೊಡೆಯಿತು. ಉಳಿದ ಕರಿ ಗಂಟನ್ನು ಒತ್ತಿದರೆ ಪುಡಿಯಾಯಿತು: ರೇಷ್ಮೆ. ಮೂರನೆಯದು ಕರಗಿ ಕುಗ್ಗಿ, ಎಷ್ಟು ಒತ್ತಿದರೂ ಒಡೆಯದ ಗಟ್ಟಿ ಮಣಿಯಾಗಿ ನಿಂತಿತು: ಪಾಲಿಯೆಸ್ಟರ್.

“ರೇಯಾನ್ ಸುಟ್ರೂ ಹತ್ತಿ ಹಂಗ ಕಾಗದದ ವಾಸನಿನ ಬರ್ತದ, ನೆನಪಿರಲಿ. ಅದಕ್ಕ ಸುಡೋದೊಂದ ಸಾಲಂಗಿಲ್ಲ. ನೂಲು ಎಲ್ಲಿಂದ ತಂದ್ರಿ ಅಂತ ಕೇಳು, ಬಿಲ್ ನೋಡು. ಸಂಶಯ ಬಂದ್ರ ಪ್ರಯೋಗಶಾಲಾಕ್ಕ ಕಳಸು.”

“ಖಾದಿ ಅಂತ ಬರೀಬಹುದಾ?”

“ಪ್ರಮಾಣಪತ್ರ ಇಲ್ಲದ ಬರಿಯಾಕ ಬರಂಗಿಲ್ಲ.”

ಖಾದಿ ಎಂದರೆ ಕೈಯಿಂದ ನೂತ ನೂಲನ್ನು ಕೈಯಿಂದಲೇ ನೇಯ್ದ ಬಟ್ಟೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಪ್ರಮಾಣಪತ್ರವಿಲ್ಲದೆ ಆ ಹೆಸರಿನಲ್ಲಿ ವ್ಯಾಪಾರ ಮಾಡುವಂತಿಲ್ಲ; 2013ರ ಖಾದಿ ಮಾರ್ಕ್ ನಿಯಮಗಳು ಇರುವುದೇ ಅದಕ್ಕೆ. ಗಿರಣಿಯ ನೂಲನ್ನು ಕೈಮಗ್ಗದಲ್ಲಿ ನೇಯ್ದರೆ ಅದು ಕೈಮಗ್ಗದ ಬಟ್ಟೆ, ಖಾದಿಯಲ್ಲ. ಕೈಮಗ್ಗಕ್ಕೆ 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಇದೆ, ಶುದ್ಧ ರೇಷ್ಮೆಗೆ 2004ರಿಂದ ಸಿಲ್ಕ್ ಮಾರ್ಕ್ ಇದೆ. ಇಳಕಲ್ಲ ಸೀರೆ, ಮೊಳಕಾಲ್ಮೂರು ಸೀರೆ, ಕಸೂತಿ, ಉಡುಪಿ ಸೀರೆ ಇವಕ್ಕೆಲ್ಲ ಭೌಗೋಳಿಕ ಸೂಚಿಕೆಯಿದೆ. ಬೇರೆಡೆ ನೇಯ್ದದ್ದನ್ನು ಆ ಹೆಸರಿನಿಂದ ಮಾರುವುದು ಕಾನೂನಿಗೆ ವಿರುದ್ಧ.

ಕಾನೂನು ಇನ್ನೊಂದೂ ಇದೆ. 1985ರ ಕೈಮಗ್ಗ ಮೀಸಲಾತಿ ಕಾಯ್ದೆ ಮೊದಲು 22 ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆ ಮೀಸಲಿಟ್ಟಿತ್ತು; ಪಟ್ಟಿ ಈಗ 11ಕ್ಕೆ ಇಳಿದಿದೆ. ನಿರ್ದಿಷ್ಟ ಲಕ್ಷಣಗಳ ಸೀರೆ, ಧೋತಿ, ಲುಂಗಿ, ಟವೆಲ್, ಜಮಖಾನ ಮುಂತಾದವನ್ನು ವಿದ್ಯುತ್ ಮಗ್ಗದಲ್ಲಿ ನೇಯುವಂತಿಲ್ಲ. ಕಾಯ್ದೆ ಹೀಗಿದ್ದರೂ ಕೈಮಗ್ಗದ ವಿನ್ಯಾಸಗಳ ನಕಲು ವಿದ್ಯುತ್ ಮಗ್ಗದಿಂದ ರಾಶಿರಾಶಿಯಾಗಿ ಪೇಟೆಗೆ ಬರುತ್ತಿದೆ. ಇದು ನೇಕಾರರ ಹೊಟ್ಟೆಯ ಮೇಲೆ ಬಿದ್ದ ಏಟು. ಅತ್ತೆಗೆ ಸಿಟ್ಟು ಬರುವುದು ಈ ಮಾತು ಬಂದಾಗಲೇ.

“ಎಂಟು ನೂರಕ್ಕ ಇಳಕಲ್ಲ ಸೀರಿ ಸಿಗ್ತದಲ್ಲ ಅಂತ ಕೇಳ್ತಾರ. ಸಿಗ್ತದ. ಆದ್ರ ಅದಕ್ಕ ಕೊಂಡಿ ಇಲ್ಲ, ಅದು ಇಳಕಲ್ಲ ನೋಡಿದ್ದೂ ಇಲ್ಲ. ಗಿರಾಕಿಗೆ ಸೆರಗು ತೋರಸು, ಕೊಂಡಿ ತೋರಸು, ಹಿಂದಿನ ಮಗ್ಗಲು ತೋರಸು. ಒಮ್ಮೆ ಕಂಡವರಿಗೆ ಬ್ಯಾರೆ ಹೇಳೋದು ಬ್ಯಾಡ.”

ಕಸೂತಿಗೂ ಹಿಂದಿನ ಮಗ್ಗಲೇ ಸಾಕ್ಷಿ. ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ ಹಾಕುವ ಈ ಕಸೂತಿಗೆ ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವುದಿಲ್ಲ. ಎಳೆ ಎಣಿಸುತ್ತಲೇ ಗೋಪುರ, ತೇರು, ಆನೆ, ತುಳಸಿಕಟ್ಟೆ ಎದ್ದು ನಿಲ್ಲುತ್ತವೆ. ಗವಂತಿ, ಮುರಗಿ ಎರಡರಲ್ಲೂ ಗಂಟು ಕಾಣಿಸದಂತೆ ಸೂಜಿ ಹೋಗಿ ಹಿಂದಿರುಗುವುದರಿಂದ ಮುಂದೆ ಹೇಗೋ ಹಿಂದೆಯೂ ಹಾಗೆಯೇ. ಯಂತ್ರದ ಕಸೂತಿಯನ್ನು ತಿರುಗಿಸಿ ನೋಡಿದರೆ ದಾರದ ಸಿಕ್ಕೇ ಕಾಣುತ್ತದೆ. ಎಳೆ ಎಣಿಸಿ ಹಾಕುವ ಕೆಲಸಕ್ಕೆ ಹಾಸು ಹೊಕ್ಕು ಸಮನಾಗಿರುವ ಹತ್ತಿಯ ಬಟ್ಟೆ ಬೇಕು. ಹೀಗೆ ಕಸೂತಿಯೂ ಮಗ್ಗಕ್ಕೆ ಕೆಲಸ ತರುತ್ತದೆ.

“ಬಣ್ಣದ ಬಗ್ಗೆ ಹೇಳಿ ಅತ್ತೆ. ನನಗೆ ಎಲ್ಲವೂ ನೈಸರ್ಗಿಕ ಬಣ್ಣದಲ್ಲೇ ಬೇಕು.”

“ಹೆಗ್ಗೋಡಿಗೆ ಹೋಗಿ ಬಾ. ಚರಕದಾಗ ನೋಡಿ ಬಾ. ಆಮ್ಯಾಲ ಮಾತಾಡೂಣು.”

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹೆಗ್ಗೋಡು ರಂಗಭೂಮಿಗೆ ಹೆಸರಾದ ಊರು. ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ 1990ರ ದಶಕದಲ್ಲಿ ಅಲ್ಲಿ ಚರಕ ಎಂಬ ಮಹಿಳಾ ಸಹಕಾರ ಸಂಘ ಹುಟ್ಟಿತು. ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು ಅಲ್ಲಿ ಬಣ್ಣ ಹಾಕುತ್ತಾರೆ, ನೇಯುತ್ತಾರೆ, ಹೊಲಿಯುತ್ತಾರೆ. ‘ದೇಸಿ’ ಅಂಗಡಿಗಳು ಅದನ್ನು ಮಾರುತ್ತವೆ. ಮಲೆನಾಡಿನಲ್ಲಿ ಹಸಿ ಅಡಿಕೆ ಬೇಯಿಸಿದಾಗ ಉಳಿಯುವ ಚೊಗರು ಅಲ್ಲಿ ಕೆಂಗಂದು ಬಣ್ಣವಾಗುತ್ತದೆ. ದಾಳಿಂಬೆ ಸಿಪ್ಪೆಯಿಂದ ಹಳದಿ ಬರುತ್ತದೆ. ಅಳಲೆಕಾಯಿ ಬಣ್ಣವನ್ನು ಹಿಡಿದಿಡುತ್ತದೆ. ಅದೇ ಬಣ್ಣಕ್ಕೆ ಕಬ್ಬಿಣದ ನೀರು ತಾಗಿಸಿದರೆ ಬೂದು, ಕಪ್ಪಿನ ಕಡೆಗೆ ತಿರುಗುತ್ತದೆ. ನೀಲಿಯ ತೊಟ್ಟಿಯಿಂದ ಬಟ್ಟೆ ಎತ್ತಿದಾಗ ಅದು ಹಳದಿಹಸುರು. ಗಾಳಿ ತಾಗುತ್ತ ತಾಗುತ್ತ ಕಣ್ಣೆದುರೇ ನೀಲಿಯಾಗುತ್ತದೆ. ಕೈಯಿಂದ ಮಾಡಿದ ವಸ್ತುಗಳಿಗೆ ತೆರಿಗೆಯೇ ಇರಬಾರದೆಂದು 2017ರಲ್ಲಿ ಪ್ರಸನ್ನ ಸತ್ಯಾಗ್ರಹ ಹೂಡಿದ್ದು ಚರಕ ಕಟ್ಟಿದ ಅನುಭವದ ಬಲದಿಂದಲೇ.

1897ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ರಾಸಾಯನಿಕ ನೀಲಿಯನ್ನು ಮಾರುಕಟ್ಟೆಗೆ ತಂದ ಮೇಲೆ ಭಾರತದ ನೀಲಿ ಬೆಳೆ ಕುಸಿಯಿತು. ಒಂದು ಶತಮಾನ ಕಳೆದು ಜನ ಮತ್ತೆ ಗಿಡದ ಬಣ್ಣ ಕೇಳುತ್ತಿದ್ದಾರೆ. ಅದನ್ನು ಕೊಡುವವರು ಅದರ ಗುಣವನ್ನೂ ಹೇಳಿಕೊಡಬೇಕು ಎಂದರು ಅತ್ತೆ.

“ಒಂದು ಹಂಡೆದಿಂದ ಇನ್ನೊಂದು ಹಂಡೆಕ್ಕ ಬಣ್ಣ ತುಸು ಬ್ಯಾರೆ ಬರ್ತದ. ಮೊದಲನೇ ಒಗತಕ್ಕ ನೀಲಿ ಸ್ವಲ್ಪ ಬಿಡ್ತದ. ನೆರಳಿನಾಗ ಒಣಗಸಬೇಕು, ಕ್ಷಾರದ ಸೋಪು ಹಾಕಬಾರದು. ಇದನ್ನ ಚೀಟಿಯೊಳಗ ಕನ್ನಡದಾಗ ಬರದು ಬಟ್ಟಿ ಜೋಡಿ ಕೊಡು. ಹೇಳದ ಕೊಟ್ರ ಬಟ್ಟಿ ವಾಪಸ್ ಬರ್ತದ, ಹೇಳಿ ಕೊಟ್ರ ಗಿರಾಕಿ ವಾಪಸ್ ಬರ್ತಾರ.”

ಇನ್ನು ಅಳತೆ. ಕೈಮಗ್ಗದ ಬಟ್ಟೆಯ ಪನ್ನ ಮಗ್ಗದ ಅಗಲಕ್ಕೆ ತಕ್ಕಂತೆ; ಗಿರಣಿ ಬಟ್ಟೆಯ ಲೆಕ್ಕದಲ್ಲಿ ಕತ್ತರಿಸಲು ಕೂತ ದರ್ಜಿ ಕೈಚೆಲ್ಲುತ್ತಾನೆ. ಹತ್ತಿ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಹಾಗಾಗಿ ತಂದ ಪ್ರತಿ ಥಾನಿನಿಂದ ಒಂದು ಮೀಟರ್ ಕತ್ತರಿಸಿ, ಅಳೆದು, ಒಗೆದು, ಒಣಗಿಸಿ, ಮತ್ತೆ ಅಳೆಯಬೇಕು. ಆ ಲೆಕ್ಕ ಸಿಕ್ಕ ಮೇಲೆಯೇ ಕತ್ತರಿಗೆ ಕೆಲಸ. ಕತ್ತರಿಸಿ ಉಳಿದ ತುಂಡುಗಳನ್ನು ಬಿಸಾಡುವಂತಿಲ್ಲ. ಚೀಲ, ದಿಂಬಿನ ಚೀಲ, ಕೌದಿ ಆಗಬೇಕು. ಕೌದಿ ಹೊಲಿಯುವ ಕೈಗಳಿಗೆ ಉತ್ತರ ಕರ್ನಾಟಕದಲ್ಲಿ ಬರವಿಲ್ಲ.

ದುಡ್ಡಿನ ಮಾತಿಗೆ ಬಂದಾಗ ತರುಣಿ ಲ್ಯಾಪ್‌ಟಾಪ್ ತೆರೆದಳು. ಅತ್ತೆ ಕಾಗದ ಪೆನ್ನು ತೆಗೆದುಕೊಂಡರು.

“ಉದಾಹರಣಿಗೆ ಒಂದು ಕುರ್ತಾ ಹಿಡಿ. ಬಟ್ಟಿ ಮೀಟರಿಗೆ ಮುನ್ನೂರು ಅನ್ಕೋ. ಎರಡೂವರಿ ಮೀಟರಿಗೆ ಏಳುನೂರಾ ಐವತ್ತು. ಹೊಲಿಗಿ ಎರಡನೂರಾ ಐವತ್ತು. ಗುಂಡಿ, ಚೀಟಿ, ಪೊಟ್ಟಣ ಅರವತ್ತು. ಸಾಗಾಟ, ಫೋಟೋ, ಬಾಡಿಗಿ ಪಾಲು ತೊಂಬತ್ತು. ಎಲ್ಲಾ ಕೂಡಿಸು.”

“ಸಾವಿರದ ನೂರಾ ಐವತ್ತು. ಸಾವಿರದ ಐನೂರಕ್ಕೆ ಮಾರಿದರೆ ಮುನ್ನೂರೈವತ್ತು ಲಾಭ.”

“ನೀನ ಮಾರಿದ್ರ ಹೌದು. ಬ್ಯಾರೆ ಅಂಗಡ್ಯಾಗ ಇಟ್ಟು, ಅವರು ನೂರಕ್ಕ ಮೂವತ್ತೈದು ಹಿಡದ್ರ?”

ತರುಣಿ ಲೆಕ್ಕ ಹಾಕಿದಳು. ₹1,500ರಲ್ಲಿ ₹525 ಹೋಗಿ ಕೈಗೆ ಬರುವುದು ₹975. ತೆರಿಗೆ ಬದಿಗಿಟ್ಟರೂ ಒಂದೊಂದು ಕುರ್ತಾಕ್ಕೆ ₹175 ನಷ್ಟ. ₹2,100 ಬೆಲೆ ಇಟ್ಟರೆ ಅಂಗಡಿಯ ಪಾಲು ₹735 ಕಳೆದು ₹1,365 ಬರುತ್ತದೆ, ಉಳಿಯುವುದು ₹215. ಹೊಸಬರಲ್ಲಿ ಅನೇಕರು ಎಡವುವುದು ಇಲ್ಲೇ. ಕಡಿಮೆ ಬೆಲೆಗೆ ಶುರುಮಾಡಿ, ಅಂಗಡಿಗಳಿಂದ ಬೇಡಿಕೆ ಬಂದಾಗ ಕೊಡಲಾಗದೆ, ಕೊನೆಗೆ ನೇಕಾರರ ಮಜೂರಿಯಲ್ಲಿ ಚೌಕಾಸಿಗೆ ಇಳಿಯುತ್ತಾರೆ.

“ಮಜೂರಿಗೆ ಕೈ ಹಚ್ಚಬ್ಯಾಡ. ಬೆಲಿ ಜಾಸ್ತಿ ಆತು ಅನಿಸಿದ್ರ ನಿನ್ನ ಪೊಟ್ಟಣ ಸಾದಾ ಮಾಡು, ಬಗಿ ಕಡಿಮಿ ಮಾಡು. ಮಜೂರಿ ಕಡಿಮಿ ಮಾಡಿದ ದಿನಾ ಆ ಮನಿ ಹುಡುಗ ಮಗ್ಗ ಬಿಟ್ಟು ಬೆಂಗಳೂರ ಬಸ್ ಹತ್ತತಾನ. ಆಮ್ಯಾಲ ನಿನ್ನ ಹತ್ರ ಎಷ್ಟು ದುಡ್ಡಿದ್ರೂ ಬಟ್ಟಿ ಹುಟ್ಟಂಗಿಲ್ಲ.”

ತೆರಿಗೆಯ ಲೆಕ್ಕವೂ ಬಟ್ಟೆಯ ರೂಪವನ್ನು ನಿರ್ಧರಿಸುತ್ತದೆ. 2025ರ ಸೆಪ್ಟೆಂಬರ್ 22ರಿಂದ ₹2,500ರವರೆಗಿನ ಸಿದ್ಧ ಉಡುಪಿಗೆ ಜಿಎಸ್‌ಟಿ ಶೇ 5, ಅದನ್ನು ಮೀರಿದರೆ ಶೇ 18. ಹೊಲಿಯದ ಬಟ್ಟೆಗೆ ಶೇ 5 ಮಾತ್ರ. ಕಸೂತಿ ಹಾಕಿದ, ಸಹಜ ಬಣ್ಣದ ಒಳ್ಳೆಯ ಕುರ್ತಾ ಸಲೀಸಾಗಿ ₹2,500 ದಾಟುತ್ತದೆ. ಹಾಗಾಗಿ ಸಣ್ಣ ಉದ್ಯಮಿಗೆ ಸೀರೆ, ದುಪಟ್ಟಾ, ಕುರ್ತಾದ ತುಂಡುಬಟ್ಟೆಗಳಿಂದ ಶುರುಮಾಡುವುದೇ ಕ್ಷೇಮ. ಹೊಲಿಗೆಯ ಖರ್ಚಿಲ್ಲ, ಅಳತೆಯ ತಕರಾರಿಲ್ಲ, ಉಳಿದ ಮಾಲನ್ನು ಮುಂದಿನ ವರ್ಷವೂ ಮಾರಬಹುದು.

“ಬಂಡವಾಳ ಎಷ್ಟು ಬೇಕು ಅತ್ತೆ?”

“ಎಷ್ಟು ಅಂತ ಕೇಳಬ್ಯಾಡ, ಎಷ್ಟು ತಿಂಗಳು ಸಿಕ್ಕೊಂಡಿರ್ತದ ಅಂತ ಕೇಳು. ಜೂನ್‌ದಾಗ ನೂಲಿಗೆ ದುಡ್ಡು ಕೊಡ್ತಿ. ಆಗಸ್ಟಕ್ಕ ಬಟ್ಟಿ ಬರ್ತದ. ಸೆಪ್ಟೆಂಬರ್‌ದಾಗ ಹೊಲಿಗಿ. ದೀಪಾವಳಿಗೆ ಮಾರಾಟ. ಅಂಗಡಿಯವರು ದುಡ್ಡು ಕೊಡೋದು ಹೊಸ ವರ್ಷಕ್ಕ. ಅಷ್ಟೂ ದಿನ ನೇಕಾರಗ ವಾರಕ್ಕೊಮ್ಮೆ ಸಂತಿ, ವಾರಕ್ಕೊಮ್ಮೆ ಮಜೂರಿ. ನಿನ್ನ ಕೈಯಾಗ ಆರು ತಿಂಗಳ ಮಜೂರಿ ಇದ್ರ ಶುರು ಮಾಡು. ಇಲ್ಲಂದ್ರ ಮಗ್ಗ ಕಡಿಮಿ ಹಿಡಿ.”

ಸಾಲ ಮತ್ತು ನೆರವಿನ ದಾರಿಗಳಿವೆ. ಉದ್ಯಮ್ ನೋಂದಣಿ ಆನ್‌ಲೈನ್‌ನಲ್ಲಿ ಪುಕ್ಕಟೆ. ನೋಂದಾಯಿತ ಸಣ್ಣ ಉತ್ಪಾದಕರಿಗೆ ಕೊಳ್ಳುವವರು ಗರಿಷ್ಠ 45 ದಿನಗಳೊಳಗೆ ಹಣ ಕೊಡಬೇಕೆಂದು ಕಾನೂನೇ ಹೇಳುತ್ತದೆ. ಮುದ್ರಾ ಯೋಜನೆಯ ಶಿಶು ವರ್ಗದಲ್ಲಿ ₹50,000ದವರೆಗೆ, ಕಿಶೋರದಲ್ಲಿ ₹5 ಲಕ್ಷದವರೆಗೆ, ತರುಣದಲ್ಲಿ ₹10 ಲಕ್ಷದವರೆಗೆ ಸಾಲವಿದೆ. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಉತ್ಪಾದನಾ ಘಟಕದ ಮಿತಿ ₹50 ಲಕ್ಷ. ಹಳ್ಳಿಯಲ್ಲಿ ಘಟಕ ಹೂಡುವ ಮಹಿಳೆಗೆ ಯೋಜನಾ ವೆಚ್ಚದ ಶೇ 35ರವರೆಗೆ ಸಹಾಯಧನ. ಈ ಕಾರಣಕ್ಕೂ ಉದ್ಯಮವನ್ನು ಬೆಂಗಳೂರಿನಲ್ಲಿ ಕೂತು ನಡೆಸುವುದಕ್ಕಿಂತ ಮಗ್ಗವಿರುವ ಊರಿನಲ್ಲಿ ಹೂಡುವುದು ಲಾಭ.

ಯೋಜನೆಗಳಿದ್ದರೂ ಈ ಕ್ಷೇತ್ರದ ಬೆಂಬಲ ಸವೆದಿದೆ ಎನ್ನುವ ನೋವು ಅತ್ತೆಯದು. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಸ್ವತಂತ್ರ ಭಾರತದ ಕರಕುಶಲ ಕಲೆಗಳಿಗೆ ಬೆನ್ನೆಲುಬಾಗಿ ನಿಂತವರು. 1952ರಲ್ಲಿ ಹುಟ್ಟಿದ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆಯಾಗಿ ಊರೂರು ತಿರುಗಿದವರು. ಆ ಮಂಡಳಿಯನ್ನೂ ಕೈಮಗ್ಗ ಮಂಡಳಿಯನ್ನೂ ಸರ್ಕಾರ 2020ರಲ್ಲಿ ರದ್ದುಮಾಡಿತು. ಕೋವಿಡ್‌ನಿಂದ ಬಟ್ಟೆ ಮನೆಯಲ್ಲೇ ಕೊಳೆಯುತ್ತಿದ್ದ ವರ್ಷ ಅದು. ನೇಕಾರರ ಮಾತು ದಿಲ್ಲಿಗೆ ಮುಟ್ಟುವ ಬಾಗಿಲೊಂದು ಮುಚ್ಚಿದಂತಾಯಿತು.

“ಹತ್ತಿಯ ಮಾತೂ ಹಂಗ ಅದ. ಕಛ್‌ದಾಗ ಮಳಿ ನೀರಿನ ಮ್ಯಾಲ ಬೆಳಿಯೋ ಕಾಲಾ ಹತ್ತಿ ಅಂತ ಅದ. ಎಳಿ ಗಿಡ್ಡ ಅಂತ ಗಿರಣಿಯವರು ಬ್ಯಾಡ ಅಂದ್ರು. 2005ರಾಗ ಹುಟ್ಟಿದ ಖಮೀರ್ ಅನ್ನೋ ಸಂಸ್ಥಾ ರೈತರನ್ನ, ನೂಲೋರನ್ನ, ನೇಯೋರನ್ನ ಒಂದ ಸಾಲಿಗೆ ತಂದು ಅದಕ್ಕ ಮಾರ್ಕೆಟ್ ಮಾಡಿತು. ನಮ್ಮ ಧಾರವಾಡ ಸೀಮಿಯ ಜಯಧರ ಹತ್ತಿನೂ ಅದ ಜಾತಿದು. 2002ರಾಗ ಬಿಟಿ ಹತ್ತಿ ಬಂದ ಮ್ಯಾಲ ಹೊಲದಾಗ ಅದನ್ನ ಹುಡುಕಬೇಕಾಗೇದ. ಜಯಧರ ಹತ್ತಿ ನೂಲಿನಿಂದ ಇಲ್ಲೇ ನೇಯ್ದ ಬಟ್ಟಿ ನಮ್ಮ ಅಂಗಡಿಗೆ ಬರಬೇಕು. ಅದು ನನ್ನ ಆಸೆ. ನಿನ್ನಂಥವರ ಕೈಲಿ ಆಗೋ ಕೆಲಸ.”

“ಅದನ್ನೇ ಮೊದಲು ಮಾಡಲಾ?”

“ಮೊದಲು ಇರೋ ಮಗ್ಗಕ್ಕ ಕೆಲಸ ಕೊಡು. ನಾಲ್ಕು ವರ್ಷ ತಡದ್ರ ನೂಲಿನ ಮಾತು ತಾನ ಬರ್ತದ. ರೈತಗ, ನೂಲಿನವರಿಗೆ ಇಷ್ಟು ತಗೋತೀನಿ ಅಂತ ಬರದು ಕೊಡೋ ತಾಕತ್ತು ಬಂದಾಗ ಮಾಡು.”

ಸಂಜೆಯ ಹೊತ್ತಿಗೆ ಪಟ್ಟಿಯಲ್ಲಿ ಉಳಿದದ್ದು ಇಳಕಲ್ಲು ಮಾತ್ರ. ಸೀರೆ ಮತ್ತು ದುಪಟ್ಟಾ, ಎರಡೇ ವಸ್ತು. ಹತ್ತಿಯ ಒಡಲು, ನಿಜವಾದ ರೇಷ್ಮೆಯ ಟೋಪ ತೆನಿ ಸೆರಗು. ಕೆಲವಕ್ಕೆ ಧಾರವಾಡದ ಹೆಣ್ಣುಮಕ್ಕಳ ಕಸೂತಿ. ನಾಲ್ಕು ಮಗ್ಗ, ಆ ನಾಲ್ಕಕ್ಕೂ ಹನ್ನೆರಡು ತಿಂಗಳ ಕೆಲಸ, ವಾರವಾರ ಮಜೂರಿ. ಪ್ರತಿ ಬಟ್ಟೆಯ ಜೊತೆ ನೂಲು, ಬಣ್ಣ, ನೇಯ್ದ ಊರು, ಒಗೆಯುವ ಬಗೆ ಬರೆದ ಕನ್ನಡದ ಚೀಟಿ. ಹನ್ನೆರಡು ಬಗೆಯ ದೊಡ್ಡ ಕನಸಿಗಿಂತ ಇದು ಗಟ್ಟಿ ಉದ್ಯಮ ಎನ್ನುವುದರಲ್ಲಿ ಸಂಶಯವಿಲ್ಲ. ಏಕೆಂದರೆ ಇದರಲ್ಲಿ ನಾಲ್ಕು ಮನೆಗಳಿಗೆ ಮುಂದಿನ ವಾರದ ಸಂತೆ ಎಲ್ಲಿಂದ ಎಂಬುದಕ್ಕೆ ಉತ್ತರವಿದೆ.

ಕೊಳ್ಳುವವರ ಪಾಲೂ ಇದರಲ್ಲಿದೆ. 1905ರ ಆಗಸ್ಟ್ 7ರಂದು ಸ್ವದೇಶಿ ಚಳವಳಿ ಶುರುವಾದ ನೆನಪಿಗೆ 2015ರಿಂದ ಆ ದಿನವನ್ನು ರಾಷ್ಟ್ರೀಯ ಕೈಮಗ್ಗ ದಿನವೆಂದು ಆಚರಿಸುತ್ತೇವೆ. ಆ ಒಂದು ದಿನ ಕೈಮಗ್ಗ ಉಟ್ಟು ಫೋಟೋ ಹಾಕಿದರೆ ಮಗ್ಗ ನಡೆಯುವುದಿಲ್ಲ. ವರ್ಷಕ್ಕೆ ಒಂದೇ ಸೀರೆ ಕೊಂಡರೂ ಸರಿ, ಅಂಗಡಿಯವರನ್ನು ಮೂರು ಮಾತು ಕೇಳಿ: ನೂಲು ಯಾವುದು, ಬಣ್ಣ ಯಾವುದು, ಯಾವ ಊರಿನಲ್ಲಿ ನೇಯ್ದದ್ದು. ಉತ್ತರ ಕೊಡುವವರ ಹತ್ತಿರ ಕೊಳ್ಳಿ, ಹೇಳಿದ ಬೆಲೆ ಕೊಡಿ.